ಕಡಜಕ್ಕೆ ಹೆಸರು, ಮಕ್ಕಳಿಗೆ ಓದು

ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸಿಕ್ಕ ಕಡಜದ ಹೊಸ ಕುಲವೊಂದನ್ನು ವಿಜ್ಞಾನಿಗಳು 2022ರಲ್ಲಿ ಲೋಕಕ್ಕೆ ಪರಿಚಯಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ಸೋಲಿಗ’. ಬೆಟ್ಟದ ಮೂಲನಿವಾಸಿಗಳಿಗೆ ಸಂದ ಮರ್ಯಾದೆಯೆಂದು ನಾವೂ ಸಂತೋಷಪಟ್ಟೆವು. ಆದರೆ ಸುದ್ದಿಯ ಜೊತೆಗೇ ಒಂದು ಪ್ರಶ್ನೆಯೂ ಹುಟ್ಟಿತು. ಮುಂದಿನ ಹುಳುವಿಗೆ ಹೆಸರಿಡುವ ವಿಜ್ಞಾನಿಯೇ ಒಬ್ಬ ಸೋಲಿಗರ ಹುಡುಗಿ ಏಕಾಗಬಾರದು?

ದಾನಧರ್ಮದ ಮಾತೆಂದು ವಾಚಕರು ತಿಳಿಯಬಾರದು. ಇದರಲ್ಲಿ ಲಾಭ ವಿಜ್ಞಾನಕ್ಕೇ ಹೆಚ್ಚು. ತರಗು ಬೆಂಕಿಯ ಕಥೆಯನ್ನೇ ನೋಡಿ. ಬೇಸಗೆ ಬಲಿಯುವ ಮೊದಲೇ ಸೋಲಿಗರು ಕಾಡಿನ ಒಣಗಿದೆಲೆಗಳಿಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದು ನೆಲದ ಮೇಲಷ್ಟೇ ಹರಿದು ಆರಿಹೋಗುತ್ತಿತ್ತು. ಅದರಿಂದ ಹೊಸ ಹುಲ್ಲು ಚಿಗುರುತ್ತಿತ್ತು, ಕಳೆಯ ಸಸಿಗಳು ಸಾಯುತ್ತಿದ್ದವು, ನೆಲ್ಲಿಮರಕ್ಕೆ ಅಂಟುವ ‘ಉಪ್ಪಿಲು’ ಎಂಬ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತು ಎಂಬುದು ಅವರ ತಿಳಿವಳಿಕೆ. 1974ರಲ್ಲಿ ಆ ಕಾಡು ವನ್ಯಧಾಮವಾಯಿತು. ಬೆಂಕಿಯ ಪದ್ಧತಿ ನಿಂತಿತು. ಮುಂದೆ ಲಂಟಾನ ಹಬ್ಬಿತು. ಸಂಶೋಧಕರು ಅಳೆದ ತಾಕುಗಳಲ್ಲಿ 1997ರಲ್ಲಿ ನೂರಕ್ಕೆ 41ರಲ್ಲಿ ಲಂಟಾನವಿತ್ತು. 2008ರ ಹೊತ್ತಿಗೆ 81ರಲ್ಲಿ ಕಂಡುಬಂತು. ಆಗ ಸೋಲಿಗ ಹಿರಿಯರ ಮಾತನ್ನು ಸಂಶೋಧಕರು ಕುಳಿತು ಕೇಳಿದರು, ಬರೆದುಕೊಂಡರು.

ಹಾಗೆಂದು ಹಳೆಯ ಬೆಂಕಿಯನ್ನು ಇಂದೇ ಹಚ್ಚಿಬಿಟ್ಟರೆ ಎಲ್ಲವೂ ಸರಿಹೋಗುವುದೆಂದಲ್ಲ. ಲಂಟಾನ ಮೆಳೆಯಾಗಿ ಬೆಳೆದ ಕಡೆ ಬೆಂಕಿ ಮರದ ತುದಿಗೇ ಏರೀತು. ಎಲ್ಲಿ ಮೊದಲು ಕಳೆ ಕೀಳಬೇಕು, ಎಲ್ಲಿ ಯಾವ ತಿಂಗಳು ತರಗು ಸುಡಬಹುದು ಎಂಬುದನ್ನು ಅಳೆದೇ ಹೇಳಬೇಕು. ಅಜ್ಜನ ಮಾತೂ ಬರಬೇಕು, ಅಳತೆಯ ಲೆಕ್ಕವೂ ಬರಬೇಕು. ಇವೆರಡೂ ಒಂದೇ ತಲೆಯಲ್ಲಿ ಕೂಡಿದರೆ ಅದಕ್ಕಿಂತ ಇನ್ನೇನು ಬೇಕು?

ತಡಮಾಡುವಂತೆಯೂ ಇಲ್ಲ. 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ 25 ಪೋಡುಗಳ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯಿದೆಯಂತೆ ಸಮುದಾಯದ ಹಕ್ಕುಪತ್ರ ದೊರೆಯಿತು. ಹಕ್ಕಿನ ಜೊತೆಗೆ ಕಾಡನ್ನು ಕಾಯುವ ಹೊಣೆಯೂ ಅವರದಾಯಿತು. ನಕ್ಷೆ ಬರೆಯಲು, ಜೇನಿನ ಇಳುವರಿಯನ್ನು ದಾಖಲೆ ಮಾಡಲು, ಅಧಿಕಾರಿಗಳ ಮುಂದೆ ಕಾಗದಸಹಿತ ಮಾತಾಡಲು ಓದಿದ ಮಕ್ಕಳು ಬೇಕು. ಹಿರಿಯರು ಹೋದಮೇಲೆ ಕೇಳೋಣವೆಂದರೆ ಹೇಳುವವರು ಯಾರು?

ದಾರಿ ಹಾಕಿದವರು ಇದ್ದಾರೆ. ಡಾ. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬೆಟ್ಟದಲ್ಲಿ ಆಸ್ಪತ್ರೆಯ ಜೊತೆಗೆ ಶಾಲೆಯನ್ನೂ ನಡೆಸಿತು. ಇಂದು ಸೋಲಿಗರಲ್ಲಿ ಡಾಕ್ಟರೇಟ್ ಪಡೆದವರೂ ಇದ್ದಾರೆ. ಆದರೂ ಮೆಟ್ಟಿಲು ಕಡಿದು. ಸೋಲಿಗರ ನುಡಿ ಕನ್ನಡದ ಒಡಹುಟ್ಟೇ ಆದರೂ ಪಠ್ಯದ ಕನ್ನಡ ಮಗುವಿಗೆ ಹೊಸದು. ಮನೆಯಲ್ಲಿ ಒಂದು ನುಡಿ, ತರಗತಿಯಲ್ಲಿ ಇನ್ನೊಂದು ಎಂಬ ಸಂಕಟ ಮದರಾಸು, ಪುಣೆಗಳಲ್ಲಿ ಮಕ್ಕಳನ್ನು ಓದಿಸುವ ನಮಗೆ ಬೇರೆಯವರು ವಿವರಿಸಬೇಕಾಗಿಲ್ಲ. ಮರದ ಹೆಸರನ್ನು ಮಗುವಿನ ನುಡಿಯಲ್ಲೇ ಮೊದಲು ಕೇಳಿ, ಆಮೇಲೆ ಪುಸ್ತಕದ ಹೆಸರು ಹೇಳುವ ಮೇಷ್ಟರು ಅರ್ಧ ಸಂಕಟ ಕಳೆದಂತೆ.

ಇನ್ನರ್ಧ ಕಾಗದಪತ್ರದ್ದು. ಈ ವಿಷಯದಲ್ಲಿ ಗುಮಾಸ್ತೆಯ ಮಾತನ್ನು ನಂಬಿ. ಹತ್ತನೆಯ ತರಗತಿಯ ಮುಂದಿನ ಓದಿಗೆ ಪರಿಶಿಷ್ಟ ಪಂಗಡದ ಮಕ್ಕಳಿಗೆ ವಿದ್ಯಾರ್ಥಿವೇತನವಿದೆ. ಆದರೆ ಜಾತಿಯ ಪತ್ರ, ಆದಾಯದ ಪತ್ರ, ಬ್ಯಾಂಕಿನ ಖಾತೆ, ಇವುಗಳಲ್ಲಿ ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾದರೂ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಅಷ್ಟರಲ್ಲಿ ಕಾಲೇಜಿನ ಶುಲ್ಕದ ದಿನ ಮೀರಿರುತ್ತದೆ.

ದೂರದೂರಿನ ನಾವು ಮಾಡಬಹುದಾದದ್ದೇನು? ನಮ್ಮಲ್ಲಿ ಅರ್ಜಿ ತುಂಬಬಲ್ಲವರಿಗೆ ಬರವಿಲ್ಲ. ಬೆಟ್ಟದ ಶಾಲೆಗಳ ಮೇಷ್ಟರಿಗೆ ಬರೆದು ಕೇಳಿದರೆ ಆ ಕೆಲಸವನ್ನು ಹಂಚಿಕೊಳ್ಳಬಹುದು. ಕನ್ನಡದ ವಿಜ್ಞಾನ ಪುಸ್ತಕಗಳನ್ನು ಕಳಿಸಬಹುದು. ಮೇಲಾಗಿ, ಮೇಲಿನ ಓದಿಗೋ ಸಂದರ್ಶನಕ್ಕೋ ಬೆಟ್ಟದ ಹುಡುಗರು ನಮ್ಮ ಊರಿಗೆ ಬಂದರೆ ನಾಲ್ಕು ದಿನ ಮಲಗಲು ಜಾಗ, ಬಿಸಿ ಊಟ, ರೈಲು ನಿಲ್ದಾಣದಲ್ಲಿ ಕನ್ನಡ ಮಾತಾಡುವ ಒಂದು ಮುಖ, ಇಷ್ಟನ್ನು ಯಾವ ಮನೆಯಾದರೂ ಕೊಟ್ಟೀತು. ಒಪ್ಪುವ ಮನೆಯವರು ಸಂಘದ ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಿ. ಮೊದಲ ಹೆಸರು ನಮ್ಮದೇ ಇರಲಿ.