ಬಿಸಿಲು ಹೊತ್ತಿಸುವ ಜಠರಾಗ್ನಿ

ಉಂಡ ಅನ್ನವನ್ನು ಅರಗಿಸುವುದು ಜಠರಾಗ್ನಿ ಎಂಬುದು ಹಿರಿಯರ ಮಾತು. ಮನುಷ್ಯನಲ್ಲಿ ಈ ಅಗ್ನಿಯು ಮೈಯೊಳಗಿನ ಕಾವಿನಿಂದಲೇ ಹಗಲಿರುಳೂ ಉರಿಯುತ್ತಿರುತ್ತದೆ. ಆಮೆಯ ಪಾಡು ಹಾಗಲ್ಲ. ಅದು ಶೀತರಕ್ತದ ಪ್ರಾಣಿಯಾದುದರಿಂದ ಅದರ ಒಡಲಿನ ಒಲೆಗೆ ಕಾವು ಹೊರಗಿನಿಂದಲೇ ಒದಗಬೇಕು.

ಉತ್ತರ ಅಮೆರಿಕದ ಕೆರೆಕೊಳಗಳಲ್ಲಿ ವಾಸಿಸುವ, ಕೆಂಪು ಹಳದಿ ಗೆರೆಗಳಿಂದ ಮನೋಹರವಾದ ‘ಚಿತ್ರಿತ ಆಮೆ’ಯನ್ನು ನೋಡಿರಿ. ಅದಕ್ಕೆ ಹಲ್ಲುಗಳಿಲ್ಲ. ಜಲಸಸ್ಯ, ಕೀಟ, ಬಸವನಹುಳು ಮೊದಲಾದುವನ್ನು ಕೊಂಬಿನಂತೆ ಗಡುಸಾದ ಕೊಕ್ಕಿನಿಂದ ಹರಿದು ನೀರಿನಲ್ಲಿಯೇ ನುಂಗಿಬಿಡುತ್ತದೆ. ಆ ತುತ್ತುಗಳನ್ನು ಕರಗಿಸುವ ಹೊಣೆಯೆಲ್ಲ ಒಡಲಿನದು. ಜಠರದಲ್ಲಿ ಆಮ್ಲದ ನೆರವಿನಿಂದ ಪೆಪ್ಸಿನ್ ಎಂಬ ಕಿಣ್ವವು ಪ್ರೋಟೀನನ್ನು ಒಡೆಯತೊಡಗುತ್ತದೆ. 1836ರಲ್ಲಿ ಜರ್ಮನಿಯ ಥಿಯೊಡೋರ್ ಶ್ವಾನ್ ಕಂಡುಹಿಡಿದು ಹೆಸರಿಟ್ಟ ಕಿಣ್ವವಿದು. ಮುಂದೆ ಸಣ್ಣ ಕರುಳಿನಲ್ಲಿ, ಮೇದೋಜೀರಕ ಗ್ರಂಥಿಯಿಂದ ಬಂದ ಟ್ರಿಪ್ಸಿನ್ ಆ ಕಾರ್ಯವನ್ನು ಮುಂದುವರಿಸುತ್ತದೆ. ಅಮೈಲೇಸ್ ಪಿಷ್ಟವನ್ನೂ ಲೈಪೇಸ್ ಕೊಬ್ಬನ್ನೂ ವಿಭಜಿಸುತ್ತವೆ. ಈ ಕಿಣ್ವಗಳಿಗೆ ಜಗ್ಗದ ನಾರಿನಂಶವನ್ನು ಕರುಳಿನ ಸೂಕ್ಷ್ಮಜೀವಿಗಳು ಹುದುಗಿಸುತ್ತವೆ.

ಆದರೆ ಕಿಣ್ವಗಳಿದ್ದ ಮಾತ್ರಕ್ಕೆ ಕೆಲಸವಾಗದು. ಮೈ ತಣ್ಣಗಾದಷ್ಟೂ ಅವುಗಳ ವೇಗ ಕುಗ್ಗುತ್ತದೆ, ಬೆಚ್ಚಗಾದರೆ ಚುರುಕಾಗುತ್ತದೆ. ಕೊರಡಿನ ಮೇಲೆ ಕತ್ತು ಚಾಚಿ ಬಿಸಿಲು ಕಾಯುವ ಆಮೆಯನ್ನು ಸೋಮಾರಿಯೆಂದು ಜರೆಯುವವರುಂಟು. ಅದು ಆಗ ತನ್ನ ಊಟವನ್ನು ಅರಗಿಸುತ್ತಿರುತ್ತದೆ!

ಚಳಿಗಾಲ ಸಮೀಪಿಸಿದಂತೆ ಈ ಆಮೆ ಉಣ್ಣುವುದನ್ನೇ ಬಿಡುತ್ತದೆ. ತಣ್ಣಗಾದ ಒಡಲಿನಲ್ಲಿ ಅನ್ನ ಉಳಿದರೆ ಕೊಳೆಯುವ ಅಪಾಯವುಂಟಷ್ಟೆ. ಬಳಿಕ ಹಿಮಗಟ್ಟಿದ ಕೊಳದ ತಳಕ್ಕಿಳಿದು ತಿಂಗಳುಗಟ್ಟಲೆ ಉಪವಾಸವಿರುತ್ತದೆ. 3 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣನೆಯ ನೀರಿನಲ್ಲಿ ಆಮ್ಲಜನಕವಿಲ್ಲದೆಯೂ ಅದು ಮೂರು ತಿಂಗಳಿಗೂ ಮಿಕ್ಕಿ ಜೀವ ಹಿಡಿದಿರಬಲ್ಲದು.

ಆಮೆಯನ್ನು ಗಾಜಿನ ತೊಟ್ಟಿಯಲ್ಲಿ ಸಾಕುವವರು ಮರೆಯುವುದು ಇದನ್ನೇ. ಪ್ರಾಣಿ ಮಂಕಾಯಿತೆಂದು ಕನಿಕರಪಟ್ಟು ತಣ್ಣೀರಿಗೆ ಮತ್ತಷ್ಟು ಆಹಾರ ಸುರಿಯುತ್ತಾರೆ. ಕಾವಿಲ್ಲದ ಹೊಟ್ಟೆಗೆ ಅದು ಊಟವಲ್ಲ, ಹೊರೆ. ಹತ್ತಿ ಕೂರಲು ಒಂದು ಒಣ ಕಲ್ಲು, ಮೈ ಕಾಯಿಸಲು ಸಾಕಷ್ಟು ಬಿಸಿಲು—ಆಮೆಗೆ ಮೊದಲು ಬಡಿಸಬೇಕಾದುದು ಇವನ್ನು, ಅನ್ನವೇನಿದ್ದರೂ ಅನಂತರ.