ಕಾರಿನಲ್ಲಿ ಕಂದನಿಗೆ ಅಮ್ಮನ ಮಡಿಲು ಸಾಲದು

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದಾಗ ಮನೆಮನೆಯಲ್ಲೂ ಅದೇ ಮಾತು. ಹೆಲ್ಮೆಟ್ ಇಲ್ಲದಿದ್ದರೆ ಎಷ್ಟು ದಂಡ, ಸಿಗ್ನಲ್ ಹಾರಿದರೆ ಎಷ್ಟು, ಕುಡಿದು ಓಡಿಸಿದರೆ ಎಷ್ಟು... ಟೀವಿಯಲ್ಲಿ ದಿನಗಟ್ಟಲೆ ಚರ್ಚೆ ನಡೆಯಿತು. ಆದರೆ ಅದೇ ಕಾಯ್ದೆಯಲ್ಲಿ ನಮ್ಮ ನಿಮ್ಮ ಮಡಿಲಿನ ಕೂಸಿನ ಬಗ್ಗೆಯೂ ಒಂದು ಮಾತಿದೆ ಅನ್ನೋದು ನಿಮಗೆ ಗೊತ್ತೇ?

ಕಲಂ 194ಬಿ ಅಂತ ಅದರ ಹೆಸರು. ಹದಿನಾಲ್ಕು ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನವಿಲ್ಲದೆ ಕರೆದೊಯ್ದರೆ ಓಡಿಸುವವರಿಗೆ ಒಂದು ಸಾವಿರ ರೂಪಾಯಿ ದಂಡ ಎನ್ನುತ್ತದೆ ಈ ಕಲಂ. 2019ರ ಸೆಪ್ಟೆಂಬರ್ 1ರಿಂದ ಇದು ಜಾರಿಯಲ್ಲಿದೆ. ಈಗ ಹುಟ್ಟಿದ ಮಗುವಿಗೆ ಬೆಲ್ಟ್ ಹಾಕಲಂತೂ ಆಗದು. ಹಾಗಾಗಿ ಎಳೆಗೂಸಿನ ಮಟ್ಟಿಗೆ ಈ ಕಾನೂನಿನ ಅರ್ಥ ಒಂದೇ: ನಾವೆಲ್ಲ ಬೇಬಿ ಕಾರ್ ಸೀಟ್ ಅನ್ನುತ್ತೇವಲ್ಲ, ಅದು ಬೇಕೇ ಬೇಕು.

ನಿಮ್ಮ ಬಳಗದಲ್ಲಿ ಹೆರಿಗೆ ಆಸ್ಪತ್ರೆಯಿಂದ ಮನೆಗೆ ಬರುವಾಗ ಇಂಥ ಸೀಟಿನಲ್ಲಿ ಬಂದ ಮಕ್ಕಳೆಷ್ಟು? ಬೆರಳಲ್ಲಿ ಎಣಿಸಿ ನೋಡಿ. ಒಂದು ಕೈಯ ಬೆರಳೂ ಮುಗಿಯಲಿಕ್ಕಿಲ್ಲ.

ಕಾನೂನು ಇದೆ, ಕಾಣುವುದಿಲ್ಲ

ಯಾಕೆ ಹೀಗೆ? ಮೊದಲನೆಯದಾಗಿ, ಪೊಲೀಸರು ಮುಂದಿನ ಗಾಜಿನಿಂದ ಓಡಿಸುವವರ ಬೆಲ್ಟ್ ನೋಡುತ್ತಾರೆ. ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತ ಬಾಣಂತಿಯನ್ನು ನಿಲ್ಲಿಸಿ ದಂಡ ಕೇಳುವ ಮನಸ್ಸು ಯಾರಿಗೆ ತಾನೇ ಬಂದೀತು? ಎರಡನೆಯದಾಗಿ, ಹಿಂದೆ ಕೂತವರಿಗೆ ಏನೂ ಆಗಲ್ಲ ಅನ್ನೋ ನಂಬಿಕೆ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲ್ಘರ್ ಬಳಿ ತೀರಿಕೊಂಡಾಗ ಈ ನಂಬಿಕೆಗೆ ಪೆಟ್ಟು ಬಿತ್ತು. ದುಬಾರಿ ಕಾರು, ಹಿಂದಿನ ಸೀಟು, ಆದರೆ ಬೆಲ್ಟ್ ಹಾಕಿರಲಿಲ್ಲ. ಬೆಲ್ಟ್ ಹಾಕದೆ ಆ ಒಂದು ವರ್ಷ ದೇಶದಲ್ಲಿ ಸತ್ತವರು 16,715 ಮಂದಿ ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಅವರಲ್ಲಿ 8,331 ಮಂದಿ ಓಡಿಸುವವರಲ್ಲ, ಜೊತೆಗೆ ಕೂತವರು. ಸರಿಸುಮಾರು ಅರ್ಧದಷ್ಟು!

ಆಗ ದೊಡ್ಡವರ ಬೆಲ್ಟ್ ಬಗ್ಗೆ ಮಾತಾಯಿತು. ಮಕ್ಕಳ ಸೀಟಿನ ಮಾತು ಮಾತ್ರ ಮತ್ತೆ ಹಿಂದೆಯೇ ಉಳಿಯಿತು. ಅದಕ್ಕೆ ಮೂರನೆಯ ಕಾರಣ ನಮ್ಮ ಮನೆಯೊಳಗೇ ಇದೆ. ‘ಹೆತ್ತ ತಾಯಿ ಮಡಿಲಿಗಿಂತ ಆ ಪ್ಲಾಸ್ಟಿಕ್ ಬುಟ್ಟಿ ಹೆಚ್ಚಾ? ಎಲ್ಲಾ ಈಗಿನ ಕಾಲದವರ ಶೋಕಿ’ ಅನ್ನುವ ಮಾತು. ಹೇಳುವವರದು ಪ್ರೀತಿಯೇ, ಅನುಮಾನವಿಲ್ಲ. ಆದರೆ ಓಡುವ ಕಾರಿನಲ್ಲಿ ಲೆಕ್ಕ ಬೇರೆ.

ಮೂರು ಕೆ.ಜಿ. ಕೂಸು ಅರವತ್ತು ಕೆ.ಜಿ. ಆದಾಗ

ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು ಗುದ್ದಿ, ಅರ್ಧ ಮೀಟರ್ ಅಂತರದಲ್ಲಿ ನಿಂತಿತು ಅಂದುಕೊಳ್ಳಿ. ಆ ಗಳಿಗೆಯಲ್ಲಿ ಒಳಗಿದ್ದವರು ಮುಂದಕ್ಕೆ ಎಸೆಯಲ್ಪಡುವ ಒತ್ತಡ ಅವರ ತೂಕದ ಸುಮಾರು ಇಪ್ಪತ್ತು ಪಟ್ಟು. ಮೂರು ಕೆ.ಜಿ. ಕೂಸು ಅರವತ್ತು ಕೆ.ಜಿ.ಯಂತೆ ಕೈಯಿಂದ ಕಿತ್ತುಕೊಳ್ಳುತ್ತದೆ. 25 ಕೆ.ಜಿ.ಯ ಎರಡು ಅಕ್ಕಿ ಮೂಟೆಗಿಂತ ಹೆಚ್ಚಿನ ಭಾರವನ್ನು, ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ, ಹೆರಿಗೆಯಾಗಿ ಮೂರು ದಿನವಾದ ಹೆಣ್ಣು ಹಿಡಿದು ನಿಲ್ಲಿಸಬಲ್ಲಳೇ? ಬಾಣಂತಿ ಬಿಡಿ, ಪೈಲ್ವಾನನಿಗೂ ಆಗದ ಕೆಲಸ.

ಇನ್ನೊಂದು ಬಗೆಯಲ್ಲಿ ಹೇಳಬೇಕೆಂದರೆ, 50 ಕಿ.ಮೀ. ವೇಗದ ಗುದ್ದು ಮೂರನೇ ಮಹಡಿಯಿಂದ ಬಿದ್ದಷ್ಟು ಪೆಟ್ಟು. ‘ನಮ್ಮ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕಾರು ಓಡುವುದೇ ಇಲ್ಲ, ತೆವಳುತ್ತೆ’ ಅಂತೀರಾ? 40 ಕಿ.ಮೀ.ಗೂ ಅದು ಎರಡು ಮಹಡಿ. ರಾತ್ರಿ ಖಾಲಿ ರಿಂಗ್ ರಸ್ತೆಯಲ್ಲಿ ಆ ವೇಗ ಎಷ್ಟು ಸಲೀಸು, ನಿಮಗೇ ಗೊತ್ತು. ಇನ್ನು 2023ರಲ್ಲಿ ಉದ್ಘಾಟನೆಯಾದ ಮೈಸೂರು ಹೆದ್ದಾರಿಯಲ್ಲಿ 100 ಕಿ.ಮೀ. ವೇಗದಲ್ಲಿ ತವರಿಗೆ ಹೊರಟರೆ? ಆಗ ಲೆಕ್ಕ ಹದಿಮೂರು ಮಹಡಿಗೆ ಏರುತ್ತದೆ.

ಮಗುವನ್ನೂ ಸೇರಿಸಿ ತಾನೇ ಬೆಲ್ಟ್ ಹಾಕಿಕೊಳ್ಳುವ ತಾಯಂದಿರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗುದ್ದಿದಾಗ ತಾಯಿಯ ಇಡೀ ಭಾರ ಮಗುವನ್ನು ಬೆಲ್ಟಿಗೆ ಒತ್ತಿಬಿಡುತ್ತದೆ. ಎದೆಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ಕೂಡ ನಡೆದಾಡಲಿಕ್ಕೆ ಸರಿ, ಕಾರಿಗಲ್ಲ.

ಮಡಿಲಿನ ಮೇಲಿನ ಈ ನಂಬಿಕೆ ನಮ್ಮದು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಮೊದಲು ಕಾರ್ ಸೀಟ್ ಕಡ್ಡಾಯ ಮಾಡಿದ್ದು ಟೆನ್ನೆಸ್ಸೀ ರಾಜ್ಯ. 1978ರಲ್ಲಿ ಜಾರಿಗೆ ಬಂದ ಆ ಕಾನೂನಿನಲ್ಲೂ ‘ದೊಡ್ಡವರ ತೋಳಿನಲ್ಲಿರುವ ಮಗುವಿಗೆ ಬೇಡ’ ಎಂಬ ವಿನಾಯಿತಿ ಇತ್ತು. ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರು ಪಟ್ಟುಹಿಡಿದು ಹೋರಾಡಿದರು. 1981ರಲ್ಲಿ ಆ ವಿನಾಯಿತಿ ರದ್ದಾಯಿತು. 1985ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಕಾನೂನು ಬಂದಿತ್ತು. ಸರಿಯಾಗಿ ಬಳಸಿದ ಸೀಟಿನಿಂದ ವರ್ಷದೊಳಗಿನ ಮಕ್ಕಳ ಸಾವಿನ ಅಪಾಯ ಶೇ. 71ರಷ್ಟು ತಗ್ಗುತ್ತದೆ ಎನ್ನುವುದು ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆಯ ಲೆಕ್ಕ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದ ನಮ್ಮ ಅಜ್ಜಿಯರನ್ನೇ ಕೇಳಿ, ಸೀಟಿಲ್ಲದೆ ಅಲ್ಲಿ ಮಗುವನ್ನು ಕಾರು ಹತ್ತಿಸುವ ಮಾತೇ ಇಲ್ಲ. ಅಲ್ಲಿ ಒಪ್ಪಿಕೊಂಡ ಅಜ್ಜಿ ಇಲ್ಲಿಗೆ ಬಂದ ಮೇಲೆ ‘ಕೊಡು ನನ್ನ ಮಡಿಲಿಗೆ’ ಎನ್ನುತ್ತಾರೆ. ದೇಶ ಬದಲಾದರೂ ಕೂಸಿನ ಕತ್ತು ಅದೇ ಅಲ್ಲವೇ?

ಅಜ್ಜಿಯ ಅಂಗೈಯಂಥ ಸೀಟು

‘ಕತ್ತು ನಿಂತಿಲ್ಲ, ಜೋಪಾನ’ ಎಂದು ಮಗುವನ್ನು ಎತ್ತಿಕೊಳ್ಳುವ ಪ್ರತಿಯೊಬ್ಬರಿಗೂ ಹೇಳುವವರು ಅಜ್ಜಿಯರೇ. ಸೀಟು ಆರಿಸುವಾಗ ನೆನಪಿಡಬೇಕಾದ ಮುಖ್ಯ ಮಾತೂ ಇದೇ. ನವಜಾತ ಶಿಶುವಿನ ತಲೆ ಅದರ ಮೈಯುದ್ದದ ಕಾಲು ಭಾಗ. ಕತ್ತಿನ ಮೂಳೆ, ಸ್ನಾಯು ಇನ್ನೂ ಎಳಸು. ಆದ್ದರಿಂದ ಕೂಸಿನ ಮುಖ ಕಾರಿನ ಹಿಂಬದಿಗೆ ಇರಬೇಕು. ಆಗ ಎದುರಿನಿಂದ ಗುದ್ದಿದರೂ ಸೀಟಿನ ಬೆನ್ನು ತಲೆ, ಕತ್ತು, ಬೆನ್ನು ಮೂರನ್ನೂ ಒಟ್ಟಿಗೆ ತಾಂಗುತ್ತದೆ, ಅಜ್ಜಿ ಅಂಗೈ ಕೊಟ್ಟು ಹಿಡಿದಂತೆ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ 1964ರಲ್ಲಿ ಇಂಥ ಸೀಟಿನ ಮೊದಲ ಮಾದರಿ ಮಾಡಿದಾಗ ಅವರ ತಲೆಯಲ್ಲಿದ್ದದ್ದು ಗಗನಯಾತ್ರಿಗಳ ಆಸನ.

ಎಷ್ಟು ದಿನ ಹೀಗೆ? ಯುರೋಪಿನ ಹೊಸ ಮಾನದಂಡದ ಪ್ರಕಾರ ಕನಿಷ್ಠ 15 ತಿಂಗಳು. ಸೀಟಿನ ಮೇಲೆ ನಮೂದಿಸಿದ ತೂಕ, ಎತ್ತರದ ಮಿತಿ ಮುಟ್ಟುವವರೆಗೂ ಹಿಂಬದಿಗೇ ಇರಲಿ ಎನ್ನುವುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಕೊಟ್ಟ ಸಲಹೆ. ಕಾಲು ಮಡಚಿಕೊಳ್ಳುತ್ತೆ, ಪಾಪ ಅಂತ ಬೇಗ ತಿರುಗಿಸಬೇಡಿ. ಮಡಚಿದ ಕಾಲಿಗೆ ತೊಂದರೆಯಿಲ್ಲ, ಕತ್ತು ಮುಖ್ಯ.

ಅಂಗಡಿಯಲ್ಲಿ ಏನು ಕೇಳಬೇಕು?

ಮಾರುಕಟ್ಟೆಯಲ್ಲಿ ಈಗ ಥರಾವರಿ ಸೀಟುಗಳಿವೆ. ಬಣ್ಣ, ಬೊಂಬೆ ಚಿತ್ರ ನೋಡುವ ಮೊದಲು ಇವನ್ನು ಗಮನಿಸಿ.

* ಪ್ರಮಾಣದ ಗುರುತು: ನಮ್ಮ ದೇಶದ ಮಾನದಂಡ ಎಐಎಸ್ 072. ಯುರೋಪಿನದು ಆರ್44, ಅದಕ್ಕಿಂತ ಹೊಸದು ಆರ್129. ಯುರೋಪಿನ ಪ್ರಮಾಣವಿದ್ದರೆ ಸೀಟಿಗೆ ಅಂಟಿಸಿದ ಚೀಟಿಯಲ್ಲಿ ವೃತ್ತದೊಳಗೆ ‘ಇ’ ಅಕ್ಷರ ಇರುತ್ತದೆ. ಇಂಥ ಯಾವ ಗುರುತೂ ಇಲ್ಲದ ಸೀಟು ಅಗ್ಗಕ್ಕೆ ಸಿಕ್ಕರೂ ಬೇಡ.

* ತೂಕ: ಆರ್44ರಲ್ಲಿ ಎಳೆಗೂಸಿಗೆ ‘0+’ ವರ್ಗ, ಅಂದರೆ ಹುಟ್ಟಿನಿಂದ 13 ಕೆ.ಜಿ.ವರೆಗೆ. ‘9ರಿಂದ 18 ಕೆ.ಜಿ.’ ಎಂದಿದ್ದರೆ ಅದು ದೊಡ್ಡ ಮಗುವಿನದು. ಮುಂದೂ ಆಗುತ್ತೆ ಅಂತ ಅದನ್ನೇ ಕೊಳ್ಳಬೇಡಿ. ಹುಟ್ಟಿದಂದಿನಿಂದ ವರ್ಷಗಟ್ಟಲೆ ಬರುವ ಸೀಟು ಕೊಳ್ಳುವುದಾದರೆ ಎಳೆಗೂಸಿನ ಮೈಗೆ ಅದು ನಿಜಕ್ಕೂ ಹಿಡಿತವಾಗಿ ಕೂರುತ್ತದೆಯೇ ನೋಡಿ.

* ನಿಮ್ಮ ಕಾರಿಗೆ ಹೊಂದುತ್ತದೆಯೇ: ಐಸೋಫಿಕ್ಸ್ ಎನ್ನುವುದು ಸೀಟನ್ನು ನೇರವಾಗಿ ಕಾರಿನ ಕಬ್ಬಿಣದ ಕೊಂಡಿಗೆ ಸಿಕ್ಕಿಸುವ ವ್ಯವಸ್ಥೆ. ಹಿಂದಿನ ಸೀಟಿನ ಬೆನ್ನು, ಕೂರುವ ಜಾಗ ಸೇರುವಲ್ಲಿ ಬೆರಳು ತೂರಿಸಿದರೆ ಕೊಂಡಿ ಸಿಗುತ್ತದೆ. ಇಲ್ಲದಿದ್ದರೆ ಬೆಲ್ಟಿನಿಂದ ಕಟ್ಟುವ ಸೀಟು ಕೊಳ್ಳಿ. ಸರಿಯಾಗಿ ಕಟ್ಟಿದರೆ ಅದೂ ಭದ್ರವೇ. ಕಾರು ತೆಗೆದುಕೊಂಡು ಹೋಗಿ, ಇಟ್ಟು ನೋಡಿಯೇ ದುಡ್ಡು ಕೊಡಿ.

* ಹಳೆಯ ಸೀಟು: ಅಕ್ಕನ ಮಗುವಿನದು, ಭಾವನ ಮಗಳದು ಅಂತ ತೊಟ್ಟಿಲನ್ನು ಧಾರಾಳವಾಗಿ ತಂದುಕೊಳ್ಳಿ. ಸೀಟಿಗೆ ಮಾತ್ರ ವಿಚಾರಿಸಿ. ಅಪಘಾತಕ್ಕೆ ಸಿಕ್ಕ ಸೀಟು ಬೇಡವೇ ಬೇಡ. ಬಿಸಿಲಿಗೆ ಪ್ಲಾಸ್ಟಿಕ್ ಸೊರಗುವುದರಿಂದ ಇದಕ್ಕೂ ಬಳಕೆಯ ಅವಧಿ ಇರುತ್ತದೆ. ಅದನ್ನು ಸೀಟಿನ ಮೇಲೆ ಅಥವಾ ಅದರ ಪುಸ್ತಕದಲ್ಲಿ ನೋಡಿ.

ದುಡ್ಡಿನ ವಿಷಯಕ್ಕೆ ಬಂದರೆ, ಸಾವಿರಗಳ ಲೆಕ್ಕ ಹೌದು. ಆದರೆ ಕಾರಿಗೆ ಸನ್‌ರೂಫ್ ಬೇಕು, ದೊಡ್ಡ ಪರದೆ ಬೇಕು ಅಂತ ಕೊಡುವ ದುಡ್ಡಿನ ಮುಂದೆ ಇದು ದೊಡ್ಡದಲ್ಲ. ಹೊಸ ಕಾರು ಕೊಳ್ಳುವವರಿಗೆ ಇನ್ನೊಂದು ಮಾತು. 2023ರ ಅಕ್ಟೋಬರ್‌ನಲ್ಲಿ ಶುರುವಾದ ‘ಭಾರತ್ ಎನ್‌ಕ್ಯಾಪ್’ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಬೇರೆ, ಮಕ್ಕಳ ಸುರಕ್ಷತೆಗೆ ಬೇರೆ ನಕ್ಷತ್ರ ಕೊಡುತ್ತಾರೆ. ಎರಡೂ ಒಂದೇ ಅಲ್ಲ. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಟಾಟಾ ನೆಕ್ಸಾನ್ ದೊಡ್ಡವರ ವಿಭಾಗದಲ್ಲಿ ಐದು ನಕ್ಷತ್ರ ಪಡೆದಾಗ ಮಕ್ಕಳ ವಿಭಾಗದಲ್ಲಿ ಸಿಕ್ಕಿದ್ದು ಮೂರು. ಇನ್ನೊಂದು ಗುಟ್ಟೂ ಇದೆ. ಆ ಪರೀಕ್ಷೆಯಲ್ಲಿ ಮಗುವಿನ ಬೊಂಬೆಯನ್ನು ಕೂರಿಸುವುದು ಮಕ್ಕಳ ಸೀಟಿನಲ್ಲಿ. ಅಂದರೆ ಮಕ್ಕಳ ನಕ್ಷತ್ರಗಳೆಲ್ಲ ಸೀಟಿನಲ್ಲಿ ಕೂತ ಮಗುವಿಗೆ, ಮಡಿಲಿನ ಮಗುವಿಗಲ್ಲ.

ಕೂರಿಸುವ ಕ್ರಮ

ಒಳ್ಳೆಯ ಸೀಟು ತಂದು ತಪ್ಪಾಗಿ ಕಟ್ಟಿದರೆ ಪ್ರಯೋಜನವಿಲ್ಲ.

* ಸೀಟು ಯಾವಾಗಲೂ ಹಿಂಬದಿಯಲ್ಲಿರಲಿ. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಚಾಲೂ ಇದ್ದರೆ ಅಲ್ಲಿ ಕೂಸಿನ ಸೀಟು ಇಡಲೇಬಾರದು. ಏರ್‌ಬ್ಯಾಗ್ ಸಿಡಿದು ಬಿಚ್ಚುವ ರಭಸ ನೇರ ಮಗುವಿನ ತಲೆಯ ಹಿಂಬದಿಗೆ ಬಡಿಯುತ್ತದೆ.

* ಕಟ್ಟಿದ ಮೇಲೆ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಒಂದು ಅಂಗುಲಕ್ಕಿಂತ ಹೆಚ್ಚು ಅಲುಗಬಾರದು.

* ಮಗುವಿನ ಹೆಗಲ ಪಟ್ಟಿ ಹೆಗಲಿನ ಮಟ್ಟದಿಂದ ಅಥವಾ ತುಸು ಕೆಳಗಿನಿಂದ ಬರಬೇಕು. ಹೆಗಲ ಬಳಿ ಪಟ್ಟಿಯನ್ನು ಚಿವುಟಿದರೆ ಬೆರಳಿಗೆ ಮಡಿಕೆ ಸಿಗಬಾರದು, ಅಷ್ಟು ಬಿಗಿ.

* ನಮ್ಮಲ್ಲಿ ಕುಲಾವಿ, ಸ್ವೆಟರು, ಮೇಲೊಂದು ಟವೆಲ್ ಸುತ್ತಿ ಮಗುವನ್ನು ಉಂಡೆ ಮಾಡಿಬಿಡುತ್ತೇವೆ. ದಪ್ಪ ಬಟ್ಟೆಯ ಮೇಲೆ ಪಟ್ಟಿ ಬಿಗಿದರೆ ಗುದ್ದಿದಾಗ ಬಟ್ಟೆ ಕುಗ್ಗಿ ಪಟ್ಟಿ ಸಡಿಲವಾಗುತ್ತದೆ. ತೆಳು ಬಟ್ಟೆ ಹಾಕಿ, ಪಟ್ಟಿ ಕಟ್ಟಿ, ಅದರ ಮೇಲೆ ಹೊದೆಸಿ.

* ಗದ್ದ ಎದೆಗೆ ಒತ್ತಿದರೆ ಕೂಸಿಗೆ ಉಸಿರಾಟ ಕಷ್ಟ. ಸೀಟು ತಕ್ಕಷ್ಟು ಹಿಂದಕ್ಕೆ ಒರಗಿರಲಿ. ಪಕ್ಕದಲ್ಲಿ ದೊಡ್ಡವರೊಬ್ಬರು ಕೂತು ಗಮನಿಸಲಿ. ದೂರದ ಪ್ರಯಾಣದಲ್ಲಿ ಆಗಾಗ ನಿಲ್ಲಿಸಿ ಎತ್ತಿಕೊಳ್ಳಿ, ಹಾಲು ಕೊಡಿ. ಮನೆ ಸೇರಿದ ಮೇಲೆ ಅದರಲ್ಲೇ ಮಲಗಲು ಬಿಡಬೇಡಿ. ದಿನ ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆ ಇರುವ ಮಕ್ಕಳಿದ್ದರೆ ವೈದ್ಯರನ್ನು ಕೇಳಿಯೇ ಹೊರಡಿ.

ಸ್ವಂತ ಕಾರಿಲ್ಲದವರಿಗೆ?

ಬುಟ್ಟಿಯಂಥ, ಹಿಡಿಕೆಯಿರುವ ಸೀಟನ್ನು ಬೆಲ್ಟಿನಿಂದ ಟ್ಯಾಕ್ಸಿಗೂ ಕಟ್ಟಬಹುದು. ಆದರೆ ಎಷ್ಟೋ ಟ್ಯಾಕ್ಸಿಗಳಲ್ಲಿ ಹಿಂದಿನ ಬೆಲ್ಟಿನ ಕೊಂಡಿ ಸೀಟಿನ ಕವರ್ ಕೆಳಗೆ ಹೂತುಹೋಗಿರುತ್ತದೆ. ಟ್ಯಾಕ್ಸಿ ಬಂದ ಕೂಡಲೇ, ಹತ್ತುವ ಮೊದಲೇ ‘ಹಿಂದಿನ ಬೆಲ್ಟ್ ತೆಗೆದುಕೊಡಿ ಅಣ್ಣಾ’ ಅಂತ ಕೇಳಿ, ಸಂಕೋಚ ಬೇಡ. ಆಟೊದಲ್ಲಿ ಇದನ್ನು ಕಟ್ಟಲು ಬೆಲ್ಟೇ ಇರುವುದಿಲ್ಲ. ಆಸ್ಪತ್ರೆಯಿಂದ ಬರುವ ದಿನವಾದರೂ ಕಾರು ಗೊತ್ತು ಮಾಡಿಕೊಳ್ಳಿ. ಸ್ಕೂಟರಿನ ಮೇಲಂತೂ ಹಸುಗೂಸು ಬೇಡವೇ ಬೇಡ. 2023ರ ಫೆಬ್ರುವರಿ 15ರಿಂದ ಜಾರಿಯಾದ ಕೇಂದ್ರದ ನಿಯಮದಂತೆ ನಾಲ್ಕು ವರ್ಷದೊಳಗಿನ ಮಗುವನ್ನು ಕೂರಿಸಿದರೆ ಓಡಿಸುವವರಿಗೆ ಕಟ್ಟುವ ಸುರಕ್ಷಾ ಪಟ್ಟಿ ಇರಬೇಕು, ಒಂಬತ್ತು ತಿಂಗಳು ತುಂಬಿದ ಮಗುವಿಗೆ ಹೆಲ್ಮೆಟ್ ಬೇಕು, ವೇಗ 40 ಕಿ.ಮೀ. ದಾಟಬಾರದು.

ಮನೆಯವರನ್ನು ಒಪ್ಪಿಸುವುದು ಹೇಗೆ?

ಹೆರಿಗೆಯಾಗಿ ಸುಸ್ತಾಗಿ ಮಲಗಿದ ಹುಡುಗಿ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಅತ್ತೆ, ಅಮ್ಮ, ಗಂಡ ಎಲ್ಲರೊಡನೆ ವಾದ ಮಾಡಲಾರಳು. ಆದ್ದರಿಂದ ಈ ಮಾತು ಏಳನೇ ತಿಂಗಳಲ್ಲೇ ಮುಗಿಯಬೇಕು. ‘ಮಗು ಹುಟ್ಟುವ ಮೊದಲು ಏನೂ ತರಬಾರದು’ ಎನ್ನುವ ಮನೆಯಾದರೆ ಜಗಳ ಬೇಡ. ಯಾವ ಸೀಟು, ಯಾವ ಅಂಗಡಿ ಅಂತ ನಿರ್ಧರಿಸಿ ಬರೆದಿಡಿ, ಹೆರಿಗೆಯಾದ ದಿನ ಗಂಡ ಹೋಗಿ ತರಲಿ. ಸೀಮಂತಕ್ಕೆ ಏನು ಕೊಡಲಿ ಅಂತ ಕೇಳುವ ಗೆಳತಿಯರಿಗೆ ಇದನ್ನೇ ಹೇಳಿ. ನಾಲ್ಕು ಜನ ಸೇರಿದರೆ ಯಾರಿಗೂ ಹೊರೆಯಾಗದು. ಕಟ್ಟುವುದನ್ನು ಗಂಡನೂ, ಅಜ್ಜನೂ ಎರಡು ಸಲ ಅಭ್ಯಾಸ ಮಾಡಲಿ.

‘ಅಳುತ್ತೆ ಪಾಪ, ಎತ್ತಿಕೋ’ ಅಂತ ದಾರಿಯಲ್ಲಿ ಒತ್ತಾಯ ಬಂದೇ ಬರುತ್ತದೆ. ಎತ್ತಿಕೊಳ್ಳಿ, ಆದರೆ ಕಾರು ಪಕ್ಕಕ್ಕೆ ನಿಲ್ಲಿಸಿ. ಐದು ನಿಮಿಷ ತಡವಾದರೆ ಏನೂ ಮುಳುಗಿಹೋಗುವುದಿಲ್ಲ.

ಸಾವಿರ ರೂಪಾಯಿ ದಂಡ ಕೇಳಲು ಪೊಲೀಸರು ಬರುತ್ತಾರೋ ಇಲ್ಲವೋ, ಈ ಕಾನೂನನ್ನು ಜಾರಿ ಮಾಡಬೇಕಾದವರು ಸದ್ಯಕ್ಕೆ ನಾವೇ. ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಈಗ ಯಾರಾದರೂ ತುಂಬು ಗರ್ಭಿಣಿ ಇದ್ದರೆ ಇವತ್ತೇ ಈ ಮಾತು ಎತ್ತಿ ನೋಡಿ.