ಬಸ್ಕಿ ಶಿಕ್ಷೆಯಲ್ಲ ಮಾರಾಯ್ರೇ!

2025ರ ಜೂನ್‌ನಲ್ಲಿ ಕೇರಳದ ಶಾಲೆಗಳಿಗೆ ಝುಂಬಾ ಬಂದಾಗ ಎಷ್ಟೊಂದು ಗದ್ದಲವಾಯಿತು! ಬೇಕು ಎನ್ನುವವರು ಒಂದು ಕಡೆ, ಬೇಡ ಎನ್ನುವವರು ಇನ್ನೊಂದು ಕಡೆ. ಟಿವಿಯಲ್ಲೂ ಚರ್ಚೆ, ಚಹಾದಂಗಡಿಯಲ್ಲೂ ಚರ್ಚೆ. ಆದರೆ ಒಂದು ಪ್ರಶ್ನೆ ಮಾತ್ರ ನಮ್ಮ ಕಿವಿಗೆ ಬೀಳಲಿಲ್ಲ. ಶಾಲೆ ಬಿಟ್ಟು ಮನೆಗೆ ಹೋದ ಮಗು, ಮನೆಯಲ್ಲಿರುವ ಅಪ್ಪ ಅಮ್ಮ, ಮೈಯ ಬಲಕ್ಕಾಗಿ ಏನು ಮಾಡುತ್ತಾರೆ?

ನಾವು ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವವರು. ನಮ್ಮ ವಾದ ಇಷ್ಟೇ: ಬಲ ಮನೆಯಲ್ಲಿ ಬೆಳೆಯಬೇಕು, ಹಲ್ಲುಜ್ಜುವಷ್ಟು ಸಹಜವಾಗಿ. ಅದನ್ನು ಶಾಲೆಯ ಪಿ.ಟಿ. ಪೀರಿಯಡ್ಡಿಗೋ ಪೇಟೆಯ ಜಿಮ್ಮಿಗೋ ವಹಿಸಿ ಕೈತೊಳೆದುಕೊಂಡರೆ ಆಗದು.

ಪಿ.ಟಿ. ಪೀರಿಯಡ್ಡಿನ ಕಥೆ ಎಲ್ಲರಿಗೂ ಗೊತ್ತು. ದೈಹಿಕ ಶಿಕ್ಷಕರ ಹುದ್ದೆ ಸಿಗುವುದು ಮಕ್ಕಳ ತಲೆಲೆಕ್ಕದ ಮೇಲೆ. ಮಕ್ಕಳೇ ಕಡಿಮೆಯಿರುವ ಕನ್ನಡ ಶಾಲೆಗೆ ಆ ಹುದ್ದೆ ಎಲ್ಲಿಂದ ಬರಬೇಕು? ಇರುವ ಪೀರಿಯಡ್ಡನ್ನೂ ಪರೀಕ್ಷೆ ಹತ್ತಿರವಾದಾಗ ಗಣಿತ ನುಂಗುತ್ತದೆ. ಹುದ್ದೆ ಕೇಳೋಣ, ಕೇಳುತ್ತಲೇ ಇರೋಣ. ಆದರೆ ಅದು ಮಂಜೂರಾಗುವವರೆಗೆ ಮಗುವಿನ ಬೆಳವಣಿಗೆ ಕಾದು ಕೂರುವುದಿಲ್ಲವಲ್ಲ!

ಇನ್ನೊಂದು ದೊಡ್ಡ ಅನ್ಯಾಯವಿದೆ. ಬಸ್ಕಿ, ದಂಡ, ಸಾಮು, ತಾಲೀಮು... ಇವೆಲ್ಲ ಗರಡಿಮನೆಯ ಮಾತುಗಳು. ಪೈಲ್ವಾನರು ಮೈ ಕಟ್ಟಿದ್ದೇ ಬಸ್ಕಿ, ದಂಡಗಳಿಂದ. ಅದೇ ಬಸ್ಕಿ ಶಾಲೆಗೆ ಬಂದು ಏನಾಯಿತು? ಮಗ್ಗಿ ತಪ್ಪಿದರೆ ಕಿವಿ ಹಿಡಿದು ಬಸ್ಕಿ, ತಡವಾಗಿ ಬಂದರೆ ಬಸ್ಕಿ! 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ ನಿಜ. ಆದರೆ ಬಸ್ಕಿ ಎಂದೊಡನೆ ಅವಮಾನವೇ ನೆನಪಾಗುವ ತಲೆಮಾರುಗಳು ನಮ್ಮಲ್ಲಿವೆ. ಅಂಥವರು ದೊಡ್ಡವರಾದ ಮೇಲೆ ಖುಷಿಯಿಂದ ಬಸ್ಕಿ ಹೊಡೆಯುತ್ತಾರೆಯೇ? ಅದನ್ನೇ ಜಿಮ್ಮಿನವರು 'ಸ್ಕ್ವಾಟ್' ಎಂದು ದುಡ್ಡು ಪಡೆದು ಮಾಡಿಸಿದರೆ ಮಾತ್ರ ಗೌರವ!

"ನಮಗೆಂತಕ್ಕೆ ಮಾಸ್ಟ್ರೇ ಕಸರತ್ತು? ತೋಟದ ಕೆಲಸ ಸಾಲದಾ?" ಎನ್ನುವವರಿದ್ದಾರೆ. ತೋಟದಲ್ಲಿ ನಿಜವಾಗಿ ದುಡಿಯುವವರಿಗೆ ನಮಸ್ಕಾರ. ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರೂ ಹೌದು, ಕೃಷಿಕರೂ ಹೌದು. ಆತ್ಮಕಥೆಗೆ 'ದುಡಿತವೇ ನನ್ನ ದೇವರು' ಎಂದು ಹೆಸರಿಟ್ಟರು. 1915ರಿಂದ 2015ರವರೆಗೆ ನೂರು ವರ್ಷ ಬದುಕಿದರು. ಆದರೆ ಈಗ ನಮ್ಮ ಮನೆಗಳಲ್ಲಿ ಎಂತ ನಡೆಯುತ್ತಿದೆ? ಬಾವಿಗೆ ಪಂಪು ಬಂತು, ರಾಟೆ ತುಕ್ಕು ಹಿಡಿಯಿತು. ಮಿಕ್ಸಿ ಬಂತು, ಅರೆಯುವ ಕಲ್ಲು ಹೂವಿನ ಚಟ್ಟಿಗೆ ಪೀಠವಾಯಿತು. ಅಡಿಕೆ ಕೊಯ್ಯಲು ಬೇರೆಯವರು. ಹೆಂಗಸರ ಕಷ್ಟ ತಗ್ಗಿತು, ಬಹಳ ಒಳ್ಳೆಯದಾಯಿತು. ಆ ಕಾಲ ಮರಳಿ ಬರಲಿ ಎಂದು ಯಾರೂ ಬಯಸಬಾರದು. ಆದರೆ ಹೋದ ದುಡಿತದ ಜಾಗಕ್ಕೆ ಬಂದದ್ದು ಕುರ್ಚಿ ಮತ್ತು ಮೊಬೈಲು.

ಅದರ ಫಲ? 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ಕೇರಳದ ವಯಸ್ಕರಲ್ಲಿ ಶೇ. 25.5 ಮಂದಿಗೆ ಸಕ್ಕರೆ ಕಾಯಿಲೆ. ಇದಕ್ಕೆ ಕಾರಣ ಹಲವು. ಆದರೆ ಊಟದ ನಂತರ ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವುದರಲ್ಲಿ ಸ್ನಾಯುಗಳದ್ದು ದೊಡ್ಡ ಪಾಲು. ಬಳಸದ ಸ್ನಾಯು ವಯಸ್ಸು ಏರಿದಂತೆ ಕರಗುತ್ತದೆ. ಬೆಳಗ್ಗಿನ ವಾಕಿಂಗ್ ಒಳ್ಳೆಯದೇ, ಅದೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಹೀಗೆ: ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆಯಂಥ ವ್ಯಾಯಾಮ ಮಾಡಬೇಕು, ಅದರ ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಮಕ್ಕಳಿಗೆ ಅದು ಮೂರು ದಿನ.

ಕಾಯಿಲೆ ಬಿದ್ದರೆ ನಮಗೆ ಮಂಗಳೂರೇ ಗತಿ. 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ ಆ ಗತಿಯೂ ತಪ್ಪಿತ್ತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆದದ್ದು 2020ರ ಏಪ್ರಿಲ್‌ನಲ್ಲಿ! ಬಸ್ಕಿ ಹೊಡೆದರೆ ಆಸ್ಪತ್ರೆ ಬೇಡ ಎಂದು ನಾವು ಹೇಳುತ್ತಿಲ್ಲ. ಆಸ್ಪತ್ರೆ ದೂರವಿರುವವರು ಮೈಯನ್ನು ಇನ್ನಷ್ಟು ಜೋಪಾನ ಮಾಡಬೇಕು ಎನ್ನುತ್ತಿದ್ದೇವೆ.

ಬಲದ ವ್ಯಾಯಾಮ ಗಂಡು ಹುಡುಗರ ಷೋಕಿ ಎನ್ನುವವರೂ ಇದ್ದಾರೆ. ಅವರು ಒಮ್ಮೆ ಎಣ್ಮಕಜೆಗೆ ಹೋಗಲಿ. ಎಂಡೋಸಲ್ಫಾನ್ ದುರಂತಕ್ಕೆ ಸಿಕ್ಕಿ ಹಾಸಿಗೆ ಹಿಡಿದ, ಈಗ ಪ್ರಾಯಕ್ಕೆ ಬಂದ ಮಕ್ಕಳನ್ನು ದಿನವೂ ಎತ್ತಿ ಕೂರಿಸಿ ಮಲಗಿಸುವ ತಾಯಂದಿರ ಎದುರು ನಿಂತು ಈ ಮಾತು ಹೇಳಲಿ! ಆ ತಾಯಂದಿರಿಗೆ ಸರಕಾರದ ನೆರವು ಸಲ್ಲಲೇಬೇಕು, ಅದು ಹಕ್ಕು. ಅವರ ಸೊಂಟ, ಬೆನ್ನಿಗೆ ಬಲವೂ ಬೇಕು. ಅದನ್ನು ಷೋಕಿ ಎನ್ನುತ್ತೀರಾ?

ಮನೆಯಲ್ಲಿ ಇದೆಲ್ಲ ಆಗುವ ಕೆಲಸವೇ ಎಂದು ಕೇಳಬಹುದು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕೆ.ವಿ. ಅಯ್ಯರ್ ಅವರನ್ನು ನೆನೆಯಿರಿ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಅವರು ಅಂಚೆಯ ಮೂಲಕವೂ ಪಾಠ ಕಳಿಸಿ, ಮನೆಯಲ್ಲೇ ಇದ್ದವರಿಗೆ ಅಂಗಸಾಧನೆ ಕಲಿಸಿದರು. ಸ್ವಾತಂತ್ರ್ಯಕ್ಕೂ ಮೊದಲಿನ ಮಾತಿದು. ಅಂಚೆ ಕಾಗದದಲ್ಲಿ ಆದದ್ದು ಈಗ ಆಗದೇ?

ಹೊಸ ಸಾಮಾನು ಏನೂ ಬೇಡ. ಚಹಾ ಕುದಿಯುವಾಗ ಗೋಡೆಗೆ ಕೈಯೂರಿ ಹತ್ತು ದಂಡ. ಟಿವಿ ಹಾಕುವ ಮೊದಲು ಕೈಯೂರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಕೂರುವುದು. ಅಜ್ಜ ಅಜ್ಜಿಯರಿಗೂ ಬಸ್ಕಿಯ ಮೊದಲ ಪಾಠ ಇದೇ. ಎರಡೂ ಕೈಯಲ್ಲಿ ಸಮ ಭಾರದ ನೀರಿನ ಬಕೆಟ್ ಹಿಡಿದು ಅಂಗಳದಲ್ಲಿ ನಾಲ್ಕು ಸುತ್ತು. ವಾರಕ್ಕೆ ಎರಡು ಮೂರು ದಿನ ಸಾಕು, ನಡುವೆ ವಿಶ್ರಾಂತಿ ಇರಲಿ. ಸಲೀಸಾಯಿತು ಅನಿಸಿದಾಗ ಸ್ವಲ್ಪ ಹೆಚ್ಚಿಸಿ, ಹೆಚ್ಚಿಸದಿದ್ದರೆ ಬಲ ಅಲ್ಲೇ ನಿಲ್ಲುತ್ತದೆ. ಉಸಿರು ಕಟ್ಟಬೇಡಿ. ಹೃದಯದ ತೊಂದರೆ, ಬಿ.ಪಿ., ಮೊಣಕಾಲು ನೋವು ಇದ್ದವರು ಮೊದಲು ಡಾಕ್ಟರರನ್ನು ಕೇಳಿ. ಮಾಡಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕುವ ಕೆಲಸವನ್ನು ಮಕ್ಕಳಿಗೆ ವಹಿಸಿ. ಆಮೇಲೆ ನಿಮ್ಮನ್ನು ಅವರು ಬಿಟ್ಟರೆ ಕೇಳಿ!

ಅಧ್ಯಾಪಕ ಬಂಧುಗಳೇ, ಬಸ್ಕಿಯನ್ನು ಶಿಕ್ಷೆಯ ಪಟ್ಟಿಯಿಂದ ತೆಗೆದುಹಾಕೋಣ. ಹೆತ್ತವರೇ, ಅದನ್ನು ನಿಮ್ಮ ಜಗಲಿಗೆ ಕರೆದುಕೊಳ್ಳಿ. ಝುಂಬಾ ಬೇಕೋ ಬೇಡವೋ ಎಂಬ ಜಗಳ ಬೇಕಾದರೆ ಆಮೇಲೆ ಮುಂದುವರಿಸೋಣ. ಏನಂತೀರಿ?